ಬ್ರಹ್ಮಪುತ್ರನ ಸಂಸಾರ ಮತ್ತು ನಮ್ಮ ಬಚ್ಚಲುಮನೆ

ಇಲಿಗಳ ವಂಶಾಭಿವೃದ್ಧಿಗೆ ಮನುಷ್ಯರ ನೆರವು ಬೇಕೆಂದು ತಿಳಿದವರು ಹಳೆಯ ಮನೆಯ ಅಟ್ಟವನ್ನು ಹತ್ತಿ ನೋಡಿದವರಲ್ಲ. ಹುಟ್ಟಿದ ಐದಾರು ವಾರಗಳಲ್ಲಿ ಪ್ರಾಯಕ್ಕೆ ಬಂದು, ನಾಲ್ಕೈದು ದಿನಗಳಿಗೊಮ್ಮೆ ಬೆದೆಗೆ ಬಂದು, ಗರ್ಭ ಕಟ್ಟಿದರೆ 21ರಿಂದ 23 ದಿನಗಳಲ್ಲಿ ಹೆತ್ತು, ಹೆತ್ತ ಒಂದು ದಿನದೊಳಗೇ ಮತ್ತೆ ಗರ್ಭ ಧರಿಸಲು ಸಿದ್ಧವಾಗಿ ನಿಲ್ಲುವ ಪ್ರಾಣಿಗೆ ನಾವು ಹೇಳಿಕೊಡಬೇಕಾದ ಪಾಠ ಒಂದೂ ಇಲ್ಲ. ಸಾಕುವವರ ಪಾಲಿಗೆ ಉಳಿಯುವ ಕೆಲಸವೇ ಬೇರೆ. ಅದುವರೆಗೆ ಒಂದೇ ಪಂಜರದಲ್ಲಿ ಅನ್ಯೋನ್ಯವಾಗಿದ್ದವರು ಮರಿಗಳ ನೆಪದಲ್ಲಿ ಒಬ್ಬರನ್ನೊಬ್ಬರು ಹರಿದು ಹಾಕದಂತೆ ನೋಡಿಕೊಳ್ಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಈ ಖಾತೆ ನನಗೆ ಬಂದಿತ್ತು. ಮರಿಗಳ ಖಾತೆ ಮಗಳದಾಗಿತ್ತು, ವಿರೋಧ ಪಕ್ಷ ಅಮ್ಮನದು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು ಚರಿತ್ರೆಯನ್ನು ಬೆನ್ನಿಗಿಟ್ಟುಕೊಂಡೇ ಪ್ರಸ್ತಾಪ ಮಂಡಿಸಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಇಲಿ ಹಿಡಿಯುವುದೇ ಕಸುಬಾಗಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತ, ಕೈಗೆ ಸಿಕ್ಕವುಗಳಲ್ಲಿ ಅಪರೂಪದ ಬಣ್ಣದವನ್ನು ಕೊಲ್ಲದೆ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದನಂತೆ. 1901ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆ ಐಲ್ಸ್‌ಬರಿಯ ಪ್ರದರ್ಶನಕ್ಕೆ ಇಲಿಯನ್ನು ಒಯ್ದು ಬಹುಮಾನವನ್ನೇ ಗೆದ್ದಳಂತೆ. ಅಮ್ಮ ಇದೆಲ್ಲವನ್ನೂ ಸಮಾಧಾನದಿಂದ ಕೇಳಿ, "ಗಣಪತಿಯ ವಾಹನಕ್ಕೆ ನನ್ನದೂ ಒಂದು ನಮಸ್ಕಾರ. ಆದರೆ ವಾಹನ ಹೊರಗೆ ನಿಲ್ಲಬೇಕು, ಒಳಗೆ ಬರುವವನು ಸ್ವಾಮಿ ಮಾತ್ರ" ಎಂದು ತೀರ್ಪು ಕೊಟ್ಟಳು. ಹೀಗಾಗಿ ಪಂಜರಗಳು ವರಾಂಡದಲ್ಲಿ ನಿಂತವು. ಒಂಟಿ ಇಲಿ ಕೊರಗಿ ಸೊರಗುತ್ತದೆಯಾದ್ದರಿಂದ ಜೋಡಿ ಬೇಕು, ಗಂಡು ಹೆಣ್ಣನ್ನು ಒಟ್ಟಿಗಿಟ್ಟರೆ ಮನೆಯೇ ಸಾಲದಾದ್ದರಿಂದ ಎರಡು ಪಂಜರ ಬೇಕು. ಹೆಣ್ಣುಗಳಿಗೆ ತುಂಗಾ, ಭದ್ರಾ ಎಂದು ಹೆಸರಿಡುವುದು ಸುಲಭವಾಯಿತು. ಗಂಡುಗಳಿಗೂ ನದಿಯ ಹೆಸರೇ ಆಗಬೇಕೆಂದು ಮಗಳು ಹಟ ಹಿಡಿದಳು. ನಮ್ಮವರು ಗಂಡೆಂದು ಎಣಿಸಿದ ನದಿಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅಣ್ಣನಿಗೆ ಬ್ರಹ್ಮಪುತ್ರ, ತಮ್ಮನಿಗೆ ಶೋಣ ಎಂದಾಯಿತು.

ಗೆಳತಿಯರು ಮರಿ ಕೇಳಿದ್ದರಿಂದ ತುಂಗೆಗೆ ಒಂದು ಹೆರಿಗೆಯಾಗಲಿ ಎಂದು ಮಗಳು ನಿಶ್ಚಯಿಸಿದಳು. ಗೋಡೆಯಲ್ಲಿ ಒಂಟಿಕೊಪ್ಪಲು ಪಂಚಾಂಗದ ಪಕ್ಕದಲ್ಲೇ ತುಂಗೆಯ ಬೆದೆಯ ಲೆಕ್ಕದ ಹಾಳೆಯೊಂದು ನೇತಾಡತೊಡಗಿತು. ಬೆದೆಗೆ ಬಂದ ಹೆಣ್ಣಿಲಿಯ ಬೆನ್ನನ್ನು ಬಾಲದ ಬುಡದ ಹತ್ತಿರ ಮೆಲ್ಲಗೆ ಮುಟ್ಟಿದರೆ ಅದು ಬೆನ್ನನ್ನು ತಗ್ಗಿಸಿ ನಿಂತುಬಿಡುತ್ತದೆ, ಕಿವಿಗಳೆರಡೂ ಅಂಚೇ ಕಾಣದಷ್ಟು ವೇಗವಾಗಿ ನಡುಗುತ್ತವೆ. ಆ ಕಿವಿಗಳು ನಡುಗಿದ ಸಂಜೆ ಬ್ರಹ್ಮಪುತ್ರನನ್ನು ತುಂಗೆಯೊಡನೆ ಬೇರೊಂದು ಪಂಜರಕ್ಕೆ ಬಿಡಲು ಹೊರಟಾಗ, ಅಮ್ಮ ಪಂಚಾಂಗದ ಹಾಳೆಯನ್ನು ತೋರಿಸಿ, "ಆಷಾಢ ಕಣೇ! ಆಷಾಢದಲ್ಲಿ ಹೊಸ ಜೋಡಿಯನ್ನು ಬೇರೆ ಇಡುತ್ತಾರೆಯೇ ಹೊರತು ಯಾರಾದರೂ ಕೂಡಿಸುತ್ತಾರೆಯೇ?" ಎಂದು ಕೇಳಿದಳು. ಶ್ರಾವಣದವರೆಗೆ ಕಾಯಲು ತುಂಗೆಯ ಕಿವಿಗಳು ಒಪ್ಪಲಿಲ್ಲ.

ಎಡವಟ್ಟು ಶುರುವಾದದ್ದು ಮರುದಿನ ಬ್ರಹ್ಮಪುತ್ರ ಮನೆಗೆ ಮರಳಿದಾಗ. ಹುಟ್ಟಿದಂದಿನಿಂದ ಒಂದೇ ಜೋಲಿಯಲ್ಲಿ ಮೈಗೆ ಮೈ ಹಚ್ಚಿ ಮಲಗಿದ್ದ ತಮ್ಮ, ಅಣ್ಣನ ಮೈಯನ್ನು ಮೂಗಿನಿಂದ ಕೂಲಂಕಷವಾಗಿ ವಿಚಾರಣೆ ಮಾಡಿ, ಅಲ್ಲಿ ಹೆಣ್ಣಿನ ವಾಸನೆಯನ್ನು ಪತ್ತೆ ಹಚ್ಚಿದ ಕ್ಷಣದಲ್ಲಿ ಪಾತ್ರೆ ತಿಕ್ಕುವ ಬ್ರಷ್ಷಿನಂತೆ ರೋಮವನ್ನೆಲ್ಲ ನಿಮಿರಿಸಿ, ಬೆನ್ನು ಬಾಗಿಸಿ, ಅಡ್ಡಡ್ಡವಾಗಿ ಹೆಜ್ಜೆಯಿಡುತ್ತ ಅಣ್ಣನನ್ನು ಪಂಜರದ ಮೂಲೆಗೆ ತಳ್ಳಿದ. ಆಮೇಲೆ ಕಂಡದ್ದು ಒಂದೇ ಉಂಡೆಯಾಗಿ ಉರುಳುವ ಎರಡು ಇಲಿಗಳು. ಇಂಥ ಹೊತ್ತಿನಲ್ಲಿ ಬರಿಗೈ ಹಾಕಬಾರದೆಂಬುದು ಇಲಿ ಸಾಕುವವರೆಲ್ಲ ಬಲ್ಲ ನಿಯಮ. ಕೋಪದಲ್ಲಿರುವ ಇಲಿಗೆ ಒಡೆಯನ ಬೆರಳು ಯಾವುದು, ಶತ್ರುವಿನ ಕಾಲು ಯಾವುದು ಎಂಬ ಭೇದವಿರುವುದಿಲ್ಲ. ಕೈಗೆ ಸಿಕ್ಕಿದ್ದು ಅಮ್ಮನ ಮೊರ. ಅದನ್ನು ಇಬ್ಬರ ನಡುವೆ ಇಳಿಸಿ ಕದನವಿರಾಮ ಸಾಧಿಸಿದೆ. ಮೊರ ಮತ್ತೆ ಅಡಿಗೆಮನೆಗೆ ಹೋಗಲಿಲ್ಲ.

ಮುನಿಸಿಕೊಂಡ ಇಲಿಗಳನ್ನು ಮತ್ತೆ ಒಂದುಗೂಡಿಸಬೇಕಾದರೆ ಇಬ್ಬರಲ್ಲಿ ಯಾರ ವಾಸನೆಯೂ ಇಲ್ಲದ ಜಾಗ ಬೇಕು. ತನ್ನ ಪಂಜರವನ್ನು ಪ್ರತಿ ಇಲಿಯೂ ಹನಿಹನಿ ಮೂತ್ರದಿಂದ ನೋಂದಣಿ ಮಾಡಿಸಿಕೊಂಡಿರುತ್ತದೆ. ಪಾಶ್ಚಾತ್ಯರು ಇದಕ್ಕೆ ಸ್ನಾನದ ತೊಟ್ಟಿ ಬಳಸುತ್ತಾರೆ. ತೊಟ್ಟಿಯಿಲ್ಲದ ನಮ್ಮಲ್ಲಿ ಬಚ್ಚಲುಮನೆಯ ನೆಲವೇ ಸಂಧಾನದ ಸ್ಥಳವಾಯಿತು. ಇಬ್ಬರಿಗೂ ಒಂದೇ ವಾಸನೆ ಬರಲೆಂದು, ಕಸ್ಟರ್ಡಿಗೆ ತಂದಿಟ್ಟಿದ್ದ ವೆನಿಲ್ಲಾ ಎಸೆನ್ಸನ್ನು ಮಗಳು ಇಬ್ಬರ ಬೆನ್ನಿಗೂ ಸವರಿದಳು. ನಾನು ಮಣೆ ಹಾಕಿಕೊಂಡು ಕುಳಿತೆ. ಹಿಂಗಾಲಿನ ಮೇಲೆ ನಿಂತು ಗುದ್ದಾಡಿದರೆ ಬಿಡಬೇಕು, ಒಬ್ಬನನ್ನು ಅಂಗಾತ ಕೆಡವಿ ಇನ್ನೊಬ್ಬ ಮೇಲೆ ನಿಂತರೂ ಬಿಡಬೇಕು, ಏಕೆಂದರೆ ಹಿರಿಯ ಯಾರೆಂಬುದು ತೀರ್ಮಾನವಾಗದೆ ಇಲಿಗಳಿಗೆ ನಿದ್ದೆ ಬರುವುದಿಲ್ಲ. ರಕ್ತ ಕಂಡರೆ ಮಾತ್ರ ನಿಲ್ಲಿಸಬೇಕು. ಬ್ರಹ್ಮಪುತ್ರನ ಕಣ್ಣಿನ ಸುತ್ತ ಕೆಂಪು ಕಾಣಿಸಿದಾಗ ಮನೆಯವರೆಲ್ಲ ಕೂಗಾಡಿದ್ದರು. ಅದು ರಕ್ತವಲ್ಲ, ಮನಸ್ಸಿನ ಮೇಲೆ ಒತ್ತಡ ಬಿದ್ದಾಗ ಇಲಿಗಳ ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಪೋರ್ಫಿರಿನ್ ಎಂಬ ಕೆಂಪು ದ್ರವ್ಯ ಎಂದು ಮಗಳು ವಿವರಿಸುತ್ತಿರುವಾಗಲೇ, ಶಿವಮೊಗ್ಗದಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಚಿಕ್ಕಪ್ಪನವರು ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲಿನ ಬಾಗಿಲು ತೆರೆದರು. ಐಸ್‌ಕ್ರೀಮಿನ ಘಮಘಮದ ನಡುವೆ ಮಣೆಯ ಮೇಲೆ ಕುಳಿತ ನಾನು, ನನ್ನೆದುರು ಎದೆಗೆ ಎದೆ ಕೊಟ್ಟು ನಿಂತ ಎರಡು ಇಲಿಗಳು. ಅಡಿಕೆ ತೋಟದಲ್ಲಿ ಜೀವಮಾನವಿಡೀ ಇಲಿಗಳ ಮೇಲೆ ಯುದ್ಧ ಸಾರಿದ್ದ ಆ ಹಿರಿಯರು ತುಸು ಹೊತ್ತು ನೋಡಿ, "ನಾವು ಇವಕ್ಕೆ ಬೋನು ಇಡುತ್ತೇವೆ ಕಣಯ್ಯ, ನೀನು ಬಚ್ಚಲನ್ನೇ ಬಿಟ್ಟುಕೊಟ್ಟಿದ್ದೀಯ" ಎಂದು ಹೇಳಿ, ನಲ್ಲಿಯಲ್ಲಿ ಮುಖ ತೊಳೆದುಕೊಳ್ಳಲು ಹಿತ್ತಲಿಗೆ ನಡೆದರು.

ಹಲವು ಬೆಳಗುಗಳ ಸಂಧಾನದ ನಂತರ ಶೋಣ ಅಣ್ಣನನ್ನು ಕೆಡವಿ, ಅವನ ಕುತ್ತಿಗೆಯನ್ನು ಬಲವಂತವಾಗಿ ನೆಕ್ಕಿ ಶುಚಿಗೊಳಿಸಿ, ಪಕ್ಕದಲ್ಲೇ ಮಲಗಿ ಕಟಕಟ ಹಲ್ಲು ಕಡಿಯತೊಡಗಿದ. ಕೋಪ ಇನ್ನೂ ಇಳಿದಿಲ್ಲವೆಂದು ಅಮ್ಮ ಮೊರಕ್ಕೆ ಕೈ ಹಾಕಿದಳು. ಇಲಿಗಳು ಹೀಗೆ ಹಲ್ಲು ಕಡಿಯುವುದು ಸಾಮಾನ್ಯವಾಗಿ ಪರಮ ಸಂತೃಪ್ತಿಯಿಂದ. ಆಗ ಕಣ್ಣುಗುಡ್ಡೆಗಳೂ ತಾಳಕ್ಕೆ ತಕ್ಕಂತೆ ಹೊರಗೆ ಒಳಗೆ ಆಡುತ್ತವೆ, ನೋಡಲು ಎದೆಗಟ್ಟಿ ಬೇಕು.

ಶ್ರಾವಣದಲ್ಲಿ ತುಂಗೆ ಹನ್ನೊಂದು ಮರಿಗಳನ್ನು ಹೆತ್ತಳು. ಹೆಣ್ಣುಗಳು ಜಗಳಗಂಟಿಯರಲ್ಲವೆಂಬ ಧೈರ್ಯದಿಂದ ಭದ್ರೆಯನ್ನು ಅಲ್ಲಿಯೇ ಬಿಟ್ಟಿದ್ದೆವು, ಅವಳು ಜಗಳವಾಡಲೂ ಇಲ್ಲ. ಅವಳು ಮಾಡಿದ್ದು ಕಳ್ಳತನ. ತುಂಗೆ ರಾಗಿಯ ಬಟ್ಟಲಿಗೆ ಹೋದಾಗಲೆಲ್ಲ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ಮೇಲಂತಸ್ತಿನ ತನ್ನ ಜೋಲಿಗೆ ಸಾಗಿಸುವಳು. ತುಂಗೆ ಬಂದು ಎಣಿಕೆ ತಪ್ಪಿದ್ದನ್ನು ಕಂಡು ಒಂದೊಂದಾಗಿ ಕೆಳಗಿಳಿಸುವಳು. ಬಾಯಲ್ಲಿ ನೇತಾಡುವ ಮರಿಗೆ ಕಣ್ಣಿಲ್ಲ, ರೋಮವಿಲ್ಲ. ತೆಳುವಾದ ಗುಲಾಬಿ ಚರ್ಮದೊಳಗಿಂದ ಆಗತಾನೆ ಕುಡಿದ ಹಾಲು ಹೊಟ್ಟೆಯಲ್ಲಿ ಬೆಳ್ಳಗಿನ ಪಟ್ಟಿಯಾಗಿ ಕಾಣುತ್ತಿತ್ತು. ರಾತ್ರಿಯಿಡೀ ಏಣಿಯ ಮೇಲೆ ಈ ವರ್ಗಾವಣೆ ನಡೆಯಿತು. ಭದ್ರೆಯನ್ನು ಬೇರೆ ಪಂಜರಕ್ಕೆ ಹಾಕಿದರೆ ಮುಂದೆ ಅವಳಿಗೂ ಬಚ್ಚಲುಮನೆಯ ಸಂಧಾನ ನಡೆಸಬೇಕಾಗುತ್ತದೆಂದು ಹೆದರಿ, ನಾನು ಅವಳ ಜೋಲಿಯನ್ನೇ ಬಿಚ್ಚಿ ತೆಗೆದೆ. ಗೂಡು ಒಂದೇ ಉಳಿದ ಮೇಲೆ ಕದಿಯಲು ದಾರಿಯಿಲ್ಲದೆ ಭದ್ರೆ ಅದರೊಳಗೇ ನುಗ್ಗಿ, ತನಗೆ ಹಾಲಿಲ್ಲದಿದ್ದರೂ ಅರ್ಧ ಮರಿಗಳ ಮೇಲೆ ಕವುಚಿ ಮಲಗಿದಳು. ಇದನ್ನು ನೋಡಿದ ವಿರೋಧ ಪಕ್ಷ ಯಾವ ಘೋಷಣೆಯೂ ಇಲ್ಲದೆ ಪಕ್ಷಾಂತರ ಮಾಡಿ, ಬಾಣಂತಿಗೆಂದು ಬೇಯಿಸಿದ ಹೆಸರುಕಾಳನ್ನು ಬಿಸಿಯಾರಿಸಿ ಕಳುಹಿಸತೊಡಗಿತು. ಮೊಟ್ಟೆ ಕೊಟ್ಟರೆ ಇನ್ನೂ ಒಳ್ಳೆಯದೆಂಬ ಮಗಳ ಸಲಹೆ ಮಾತ್ರ ಬಿದ್ದುಹೋಯಿತು.

ಹೆಣ್ಣು ಯಾವುದು ಗಂಡು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ಒಂದೂವರೆ ವಾರ ಸಾಕು. ಹೆಣ್ಣುಮರಿಗಳ ಹೊಟ್ಟೆಯಲ್ಲಿ ಆಗ ಎರಡು ಸಾಲಾಗಿ ಹನ್ನೆರಡು ಮೊಲೆಗಳ ಗುರುತು ಕಾಣಿಸುತ್ತದೆ, ಗಂಡಿಲಿಗೆ ಅವು ಇರುವುದೇ ಇಲ್ಲ. ಎರಡು ವಾರಕ್ಕೆ ಕಣ್ಣು ತೆರೆದ ಮರಿಗಳಿಗೆ ಮಗಳು ದಿನವೂ ಕಚಗುಳಿ ಇಡುತ್ತಿದ್ದಳು. ಕಚಗುಳಿ ಇಟ್ಟರೆ ಇಲಿಗಳು ನಗುವಿನಂಥದೊಂದು ದನಿ ಹೊರಡಿಸುತ್ತವೆಂದು ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ತೋರಿಸಿದರು. ಅದು ಸುಮಾರು 50 ಕಿಲೋಹರ್ಟ್ಜ್‌ನಷ್ಟು ಎತ್ತರದಲ್ಲಿರುವುದರಿಂದ 20ಕ್ಕೇ ನಿಂತುಹೋಗುವ ನಮ್ಮ ಕಿವಿಗೆ ಕೇಳಿಸುವುದಿಲ್ಲ. ನನ್ನ ಹಾಸ್ಯಕ್ಕೆ ಮನೆಯವರು ನಗುವುದೂ ಇದೇ ಎತ್ತರದಲ್ಲಿ ಇರಬೇಕು.

ಗಂಡುಮರಿಗಳನ್ನು ಐದನೆಯ ವಾರದ ಹೊತ್ತಿಗೆ ತಾಯಿಯಿಂದ ಬೇರ್ಪಡಿಸದಿದ್ದರೆ ಅವು ತಾಯಿಯನ್ನೂ ಅಕ್ಕತಂಗಿಯರನ್ನೂ ಬಿಡುವುದಿಲ್ಲ. ಆ ಗಡುವು ಸರಿಯಾಗಿ ಚೌತಿಯ ಹಬ್ಬಕ್ಕೆ ಬಂತು. ಮರಿ ಕೇಳಿದ್ದ ಗೆಳತಿಯರು ಹೆಣ್ಣುಗಳನ್ನು ಜೋಡಿಜೋಡಿಯಾಗಿ ಒಯ್ದರು. ಗಂಡುಗಳನ್ನು ಕೇಳಿಕೊಂಡು ಬಂದವನು ಪಕ್ಕದ ಬೀದಿಯ ಹುಡುಗ. ಅಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮನೆಯಲ್ಲಿ ಯಾರು ಯಾರಿದ್ದಾರೆ, ಪಂಜರ ಎಷ್ಟು ದೊಡ್ಡದು ಎಂದೆಲ್ಲ ವಿಚಾರಿಸಿ, ಕೊನೆಗೆ, "ಬೆಕ್ಕು ಇದೆಯೇನಪ್ಪ?" ಎಂದು ಕೇಳಿದಳು.

"ಇದೆ ಅಜ್ಜಿ, ಆದರೆ ಬಹಳ ಸಾಧು."

ಹುಡುಗನಿಗೆ ತಟ್ಟೆಯ ತುಂಬ ಕಡುಬು ಸಿಕ್ಕಿತು, ಇಲಿ ಸಿಗಲಿಲ್ಲ. ಗಂಡುಮರಿಗಳು ಈಗ ಬ್ರಹ್ಮಪುತ್ರ ಮತ್ತು ಶೋಣರ ಪಂಜರದಲ್ಲಿವೆ. ಚಿಕ್ಕವಾಗಿದ್ದಷ್ಟು ದಿನ ದೊಡ್ಡವರು ಅವುಗಳ ತಂಟೆಗೆ ಹೋಗಲಿಲ್ಲ, ಆದರೆ ಪ್ರಾಯ ಬಂದ ಮೇಲೆ ಅವು ರೋಮ ನಿಮಿರಿಸಿ ಅಡ್ಡಡ್ಡ ನಡೆಯುವುದನ್ನು ಕಲಿತಿವೆ, ನಾನು ವೆನಿಲ್ಲಾದ ಹೊಸ ಬಾಟಲಿ ತಂದಿದ್ದೇನೆ. ಚಿಕ್ಕಪ್ಪನವರು ದಸರೆಗೆ ಬರುವುದಾಗಿ ಫೋನ್ ಮಾಡಿದ್ದಾರೆ. ಸ್ನಾನವನ್ನು ಊರಿನಲ್ಲೇ ಮುಗಿಸಿಕೊಂಡು ಹೊರಡುತ್ತಾರಂತೆ.