ಮಂಡಳಿಯಲ್ಲಿ ಮುಗಿದ ಪ್ರಕರಣ, ಶಾಲೆಯ ಬಾಗಿಲಲ್ಲಿ

ಇಂದು ಬೆಳಿಗ್ಗೆ ಶಿರಸಿ ಸಮೀಪದ ಒಂದು ಪ್ರೌಢಶಾಲೆಯ ಕಚೇರಿಯಿಂದ ಹೊರಬಂದವನಿಗೆ ಸಿಟ್ಟು ಇನ್ನೂ ಇಳಿದಿಲ್ಲ. ಒಬ್ಬ ಹುಡುಗನನ್ನು ಹತ್ತನೆಯ ತರಗತಿಗೆ ಸೇರಿಸಿಕೊಳ್ಳಿ ಎಂದು ಕೇಳಲು ಅವನನ್ನೂ ಅವನ ತಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಶಾಲೆಯ ಹೆಸರು ಬರೆಯುವುದಿಲ್ಲ. ಹುಡುಗನ ಹೆಸರನ್ನಂತೂ ಬರೆಯುವಂತೆಯೇ ಇಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪ್ರಕರಣದಲ್ಲಿ ಸಿಲುಕಿದ ಇಂಥ ಮಗುವಿನ ಗುರುತನ್ನು ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಆ ಕಚೇರಿಯಲ್ಲಿ ಗುಮಾಸ್ತರು, ಜವಾನ, ಬೇರೆ ಕೆಲಸಕ್ಕೆ ಬಂದಿದ್ದ ಇಬ್ಬರು ಪಾಲಕರು ಎಲ್ಲರೂ ಕೇಳುವಂತೆ ಮುಖ್ಯಾಧ್ಯಾಪಕರು ಕೇಳಿದರು: "ಆ ಅಡಿಕೆ ಕೇಸಿನ ಹುಡುಗ ಇವನೇ ಅಲ್ಲವೇ?"

ಹುಡುಗ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದ. ಕೇಳಿಸಿತು ಅವನಿಗೆ.

ಹೌದು, ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯನ್ನು ರಾತ್ರಿ ಚೀಲಕ್ಕೆ ತುಂಬಿಸಿಕೊಂಡು ಹೋದವರಲ್ಲಿ ಅವನೂ ಒಬ್ಬ. ಜೊತೆಗಿದ್ದ ಇಬ್ಬರು ಇಪ್ಪತ್ತು ದಾಟಿದವರು, ಬೈಕ್ ಅವರದು, ಮಾರಾಟದ ಯೋಜನೆಯೂ ಅವರದು. ಚೀಲ ಹೊತ್ತವನು ಇವನು. ಆಗ ಹದಿನಾರು ತುಂಬಿರಲಿಲ್ಲ. ಬರೀ ಮಕ್ಕಳೇ ಮಾಡಿದ ಸಣ್ಣ ಅಪರಾಧಕ್ಕೆ ಎಫ್‌ಐಆರ್ ಹಾಕಬಾರದು ಎಂದು ನಿಯಮವಿದೆ. ದೊಡ್ಡವರು ಜೊತೆಗಿದ್ದುದರಿಂದ ಇವನ ಮೇಲೂ ಬಿತ್ತು. ಇಂಥ ಮಕ್ಕಳನ್ನು ವಿಚಾರಣೆಯ ಹೊತ್ತಿನಲ್ಲಿ ಇರಿಸುವ ವೀಕ್ಷಣಾಲಯದಲ್ಲಿ ಕೆಲವು ವಾರ ಇದ್ದ. ಆಮೇಲೆ ತಿಂಗಳುಗಟ್ಟಲೆ ಕಾರವಾರದ ಬಾಲನ್ಯಾಯ ಮಂಡಳಿಗೆ, ಅಂದರೆ ಮಕ್ಕಳ ಪ್ರಕರಣ ನೋಡುವ ಪೀಠಕ್ಕೆ, ಓಡಾಟ. ಅಡಿಕೆ ಸುಲಿದು ದಿನಗೂಲಿ ತರುವ ಅವನ ತಾಯಿ ಪ್ರತಿ ತಾರೀಖಿಗೂ ಮಗನನ್ನು ಕರೆದುಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಕೊನೆಗೆ ಮಂಡಳಿ ಹುಡುಗನಿಗೂ ತಾಯಿಗೂ ಆಪ್ತಸಮಾಲೋಚನೆ ಮಾಡಿಸಿ, ಬುದ್ಧಿ ಹೇಳಿ, ಪ್ರಕರಣ ಮುಗಿಸಿ ಮನೆಗೆ ಕಳುಹಿಸಿತು.

ಮುಗಿಯಿತು ಎಂದರೆ ಮುಗಿಯಬೇಕಲ್ಲವೇ? 2015ರ ಆ ಬಾಲನ್ಯಾಯ ಕಾಯ್ದೆಯಲ್ಲೇ 'ಹೊಸ ಆರಂಭ' ಎಂಬ ತತ್ವವನ್ನೇ ಬರೆದಿಟ್ಟಿದ್ದಾರೆ. 24ನೇ ಕಲಂ ಪ್ರಕಾರ ಇಂಥ ಹುಡುಗನಿಗೆ ಹಳೆಯ ಪ್ರಕರಣದಿಂದ ಯಾವ ಅನರ್ಹತೆಯೂ ಅಂಟಬಾರದು. ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಹದಿನಾರು ದಾಟಿದವರು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆ ಎದುರಿಸಿದ್ದರೆ ಮಾತ್ರ ಬೇರೆ ಮಾತು. ಇಲ್ಲಿ ಮುಖ್ಯಾಧ್ಯಾಪಕರು ಕೇಳಿದ್ದು ಠಾಣೆಯಿಂದ ನಡತೆ ಪ್ರಮಾಣಪತ್ರ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಕೊಡಲೇಬಾರದು ಎಂದು ಅದೇ 74ನೇ ಕಲಂ ಹೇಳುತ್ತದೆ. ನಾನು ಇದನ್ನು ಹೇಳಿದೆ. "ಕಾನೂನು ಪುಸ್ತಕದಲ್ಲಿರುತ್ತದೆ ಮಾಸ್ತರೇ, ಶಾಲೆ ನಡೆಸುವವರು ನಾವು" ಎಂದರು.

ಬೇರೆ ಮಕ್ಕಳ ಪಾಲಕರು ಒಪ್ಪುವುದಿಲ್ಲ, ಅವರ ಮಕ್ಕಳ ಹಿತವನ್ನೂ ನೋಡಬೇಕು ಎಂಬ ಮಾತೂ ಬಂತು. ಪಾಲಕರ ಆತಂಕ ನನಗೆ ಗೊತ್ತಿಲ್ಲದ್ದಲ್ಲ. ಮೂವತ್ತು ವರ್ಷ ಅವರ ನಡುವೆಯೇ ಬದುಕಿದವನು ನಾನು. ಆದರೆ ಈ ಹುಡುಗ ಅದೇ ತರಗತಿಯಲ್ಲಿ ಕುಳಿತಿದ್ದಾಗ ಯಾರ ಪೆನ್ಸಿಲ್ಲನ್ನೂ ಮುಟ್ಟಿದವನಲ್ಲ ಎಂದು ಅಲ್ಲಿನ ಶಿಕ್ಷಕಿಯೊಬ್ಬರೇ ನನಗೆ ಹೇಳಿದ್ದಾರೆ. ಅಡಿಕೆ ಕಳೆದುಕೊಂಡ ಯಜಮಾನರು ಕೂಡ ಮೊನ್ನೆ ಸಿಕ್ಕಾಗ "ಶಾಲೆಗೆ ಸೇರಿಸಿಕೊಂಡರೇ?" ಎಂದು ವಿಚಾರಿಸಿದರು. ಹಾಗಾದರೆ ಯಾರ ಹಿತ ಕಾಯಲು ಅವನನ್ನು ಹೊರಗಿಡುತ್ತಿದ್ದಾರೆ?

"ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಲಿ" ಎಂದು ದಾರಿ ತೋರಿಸಿದರು. ಪರೀಕ್ಷೆ ಕಟ್ಟಬಹುದು. ಆದರೆ ಅವನಿಗೆ ಈಗ ಬೇಕಾಗಿರುವುದು ಹತ್ತು ಗಂಟೆಯ ಗಂಟೆ, ಹಾಜರಿ ಕೂಗುವಾಗ ತನ್ನ ಹೆಸರು, ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಊಟ ಮಾಡುವ ಒಬ್ಬ ಗೆಳೆಯ. ತಾಯಿ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಒಬ್ಬನೇ ಇರುವ ಹುಡುಗನನ್ನು ಮೊದಲು ಹುಡುಕಿಕೊಂಡು ಬರುವವರು ಆ ಬೈಕಿನವರೇ. ಅವರು ನಡತೆ ಪ್ರಮಾಣಪತ್ರ ಕೇಳುವುದಿಲ್ಲ. ಈ ಸಲ ಊರಿನ ಗಣೇಶೋತ್ಸವಕ್ಕೆ ಚಪ್ಪರ ಹಾಕಲು ಎಲ್ಲ ಹುಡುಗರನ್ನೂ ಕರೆದರು, ಇವನನ್ನು ಕರೆಯಲಿಲ್ಲ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗಬೇಕೆಂಬುದು ಅವನ ಆಸೆ. ಅದಕ್ಕೆ ಹತ್ತನೆಯ ತರಗತಿ ಪಾಸಾಗಬೇಕು. ಎಲ್ಲವೂ ಈ ಒಂದು ಬಾಗಿಲಿಗೇ ಬಂದು ನಿಲ್ಲುತ್ತದೆ.

ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸಿದರೆ ಸುಳ್ಳಾಗುತ್ತದೆ. ಈ ಕಾಯ್ದೆ ಬರುವ ಎಷ್ಟೋ ಮೊದಲು, ನಾನು ಕ್ಲಾಸ್ ಟೀಚರ್ ಆಗಿದ್ದಾಗ, ಸಹಪಾಠಿಯ ಹಣ ಕದ್ದ ಒಬ್ಬ ಹುಡುಗನ ವರ್ಗಾವಣೆ ಪತ್ರದಲ್ಲಿ ನಡತೆಯ ಎದುರು 'ತೃಪ್ತಿಕರವಲ್ಲ' ಎಂದು ಬರೆದವನು ನಾನೇ. ಅವನು ಮುಂದೆ ಯಾವ ಶಾಲೆಗೂ ಸೇರಲಿಲ್ಲ. ತದಡಿಯಲ್ಲಿ ದೋಣಿಯ ಕೆಲಸಕ್ಕೆ ಹೋದ ಎಂದು ಕೇಳಿದೆ, ಆಮೇಲೆ ಅದೂ ತಿಳಿಯಲಿಲ್ಲ. ಆ ಅಕ್ಷರಗಳು ಇಂದು ಕಚೇರಿಯಲ್ಲಿ ನಿಂತಿದ್ದಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದವು.

ಹಿಂತಿರುಗುವಾಗ ಬಸ್ಸಿನಲ್ಲಿ ತಾಯಿ, "ನಾವು ಕೇಳಬಾರದಿತ್ತೇನೋ ಮಾಸ್ತರೇ" ಎಂದರು. "ಕೇಳಲೇಬೇಕು ತಂಗಿ" ಎಂದೆ. ಹುಡುಗ ಕಿಟಕಿಯ ಆಚೆ ನೋಡುತ್ತಿದ್ದ. ಇಳಿಯುವ ಮುಂಚೆ ಒಂದೇ ಮಾತು ಕೇಳಿದ: "ಗಣಿತ ಎಷ್ಟು ಪಾಠ ಆಗಿರಬಹುದು?"

ಸೋಮವಾರ ಮಂಡಳಿಯ ಆದೇಶದ ಪ್ರತಿ ಹಿಡಿದು ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಅಲ್ಲಿಂದ ಶಿಕ್ಷಣ ಇಲಾಖೆಗೆ ಹೋಗುತ್ತೇನೆ. ಅಷ್ಟರವರೆಗೆ ಶಿರಸಿಯ ಸ್ನೇಹಿತರಲ್ಲಿ ಯಾರಾದರೂ ಸಂಜೆ ಒಂದು ಗಂಟೆ ಹತ್ತನೆಯ ತರಗತಿಯ ಗಣಿತ ಹೇಳಿಕೊಡುವಿರಾದರೆ ನನಗೆ ಫೋನ್ ಮಾಡಿ. ಅವನು ಏನು ಮಾಡಿದ್ದ ಎಂದು ಮಾತ್ರ ಅವನನ್ನು ಕೇಳಬೇಡಿ.