120 ಪೀಸಿನ ಆರ್ಡರ್

ಮೊದಲ ಸಲ 120 ಪೀಸಿನ ಆರ್ಡರ್ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. ‘ಸ್ಯಾಂಪಲ್ಲಾ?’

‘ಅಲ್ಲಪ್ಪಾ, ಆರ್ಡರೇ ಅಷ್ಟು’ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಿಂಗಳಿಗೆ ಲಕ್ಷಗಟ್ಟಲೆ ಪೀಸು ಕಳಿಸಿದ ಮನುಷ್ಯ. ಅವರ ಲೆಕ್ಕದಲ್ಲಿ 120 ಅಂದರೆ ನೆಲ ಗುಡಿಸಿದಾಗ ಸಿಗುವಷ್ಟು.

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಬೈಕು, ಸ್ಕೂಟರ್ ಕಾರ್ಬುರೇಟರಿಗೆ ಹಿತ್ತಾಳೆಯ ಜೆಟ್ ಮಾಡುತ್ತಿದ್ದೆವು. ಬೆರಳ ತುದಿಯಷ್ಟು ತುಣುಕು, ನಡುವೆ ಗುಂಡುಸೂಜಿ ತೂರುವಷ್ಟು ತೂತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಅನ್ನೋದು ಆ ತೂತಿನ ಮೇಲೆ ನಿಂತಿರುತ್ತೆ. ಮಾಡುತ್ತಿದ್ದದ್ದು ಟ್ರಾಬ್ ಮಷಿನ್‌ಗಳಲ್ಲಿ. ಟ್ರಾಬ್ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ತಾನೇ ಓಡುವ ಲೇತ್. ಪೀಸಿನ ಆಕಾರಕ್ಕೆ ತಕ್ಕ ಹಾಗೆ ಕ್ಯಾಮ್, ಅಂದರೆ ಟೂಲನ್ನು ಹಿಂದೆ ಮುಂದೆ ನಡೆಸುವ ಬಿಲ್ಲೆ, ಮಾಡಿ ಕೂರಿಸಬೇಕು. ಅದಕ್ಕೆ ಅರ್ಧ ದಿನವೋ ಒಂದು ದಿನವೋ ಬೇಕು. ಒಮ್ಮೆ ಸರಿಯಾಗಿ ಕೂತಿತೋ, ಹಿತ್ತಾಳೆ ಬಾರ್ ತುಂಬುತ್ತಾ ಇರಿ ಸಾಕು, ಅದರ ಪಾಡಿಗೆ ಅದು ಉದುರಿಸುತ್ತೆ. ಹಾಗಾಗಿ ಅದಕ್ಕೆ ಒಂದೇ ಕೆಲಸ ಬೇಕು, ವರ್ಷಗಟ್ಟಲೆ ಬೇಕು. ನಮಗೂ ಅದೇ ಅಭ್ಯಾಸ ಆಗಿಹೋಗಿತ್ತು.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೇಳಿತು: ಬಿಎಸ್-5 ಇಲ್ಲ, 2020ಕ್ಕೆ ನೇರ ಬಿಎಸ್-6. ಆ ಸುದ್ದಿಯನ್ನು ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲೇ ಓದಿದೆ. ಆ ಮಟ್ಟದ ಹೊಗೆ ನಿಯಮ ಬಂದರೆ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಬಿಡಬೇಕು, ಕಾರ್ಬುರೇಟರ್ ಕಥೆ ಮುಗಿದ ಹಾಗೆ. ಇದು ಗೊತ್ತಿಲ್ಲದೆ ಏನಲ್ಲ. ‘ಇನ್ನೂ ನಾಲ್ಕು ವರ್ಷ ಇದೆಯಲ್ಲ’ ಅಂದುಕೊಂಡು ಟೀ ಕುಡಿದು ಎದ್ದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿಬಿಟ್ಟಿತು, 2020ರ ಮಾರ್ಚ್ 31ರ ನಂತರ ಬಿಎಸ್-4 ಗಾಡಿ ಮಾರುವ ಹಾಗಿಲ್ಲ ಅಂತ. ಅದೇ ವರ್ಷ ನಾನು ಮಾಡಿದ್ದೇನು ಗೊತ್ತಾ? ಆರ್ಡರ್ ಜಾಸ್ತಿ ಇದೆ ಅಂತ ಇನ್ನೊಂದು ಸೆಕೆಂಡ್ ಹ್ಯಾಂಡ್ ಟ್ರಾಬ್ ಕೊಂಡೆ.

ಚಿಕ್ಕ ಕಂಪನಿಗಳು ಚುರುಕು, ಬೇಗ ಬದಲಾಗುತ್ತವೆ ಅಂತ ಸೆಮಿನಾರುಗಳಲ್ಲಿ ಹೇಳುವುದು ಕೇಳಿದ್ದೇನೆ. ಅರ್ಧ ಸುಳ್ಳು. ನಮ್ಮಂಥವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಒಬ್ಬನೇ ದೊಡ್ಡ ಗಿರಾಕಿ. ಅವನ ಶೆಡ್ಯೂಲ್ ಬರುತ್ತಿರುವ ತನಕ ನಮ್ಮಷ್ಟು ಮೊಂಡರು ಯಾರೂ ಇಲ್ಲ.

2020ರಲ್ಲಿ ಬಿಎಸ್-6 ಬಂದದ್ದು ಏಪ್ರಿಲ್ 1ಕ್ಕೆ, ಲಾಕ್‌ಡೌನ್ ಅದಕ್ಕೂ ಒಂದು ವಾರ ಮುಂಚೆ. ಇದರಿಂದ ಒಂದು ವಿಚಿತ್ರ ಅನುಕೂಲ ಆಯಿತು, ನಮಗೆ ನಾವೇ ಸುಳ್ಳು ಹೇಳಿಕೊಳ್ಳೋಕೆ. ಆರ್ಡರ್ ನಿಂತಿರೋದು ಕೊರೊನಾದಿಂದ, ಬಾಗಿಲು ತೆಗೆದ ಮೇಲೆ ಬರುತ್ತೆ. ಜೂನ್ ತನಕ ಹೀಗೇ ನಂಬಿದ್ದೆವು. ಬಾಗಿಲು ತೆಗೆಯಿತು. ಬಂದದ್ದು ಹಳೆ ಗಾಡಿಗಳ ಸ್ಪೇರ್‌ಗೆ ಬೇಕಾದ ಚೂರುಪಾರು ಅಷ್ಟೇ. ಬೇರೆ ಹಿತ್ತಾಳೆ ಕೆಲಸ ಹಿಡಿಯೋಣ ಅಂದರೆ ರೇಟಿನಲ್ಲಿ ಗುಜರಾತಿನ ಹಿತ್ತಾಳೆ ಊರು ಜಾಮ್‌ನಗರದವರ ಮುಂದೆ ನಿಲ್ಲೋಕೆ ಆಗಲ್ಲ.

ಆ ವರ್ಷ ಬಿಇಎಲ್ ಮತ್ತು ಮೈಸೂರಿನ ಸ್ಕ್ಯಾನ್‌ರೇ ಸೇರಿ 30,000 ವೆಂಟಿಲೇಟರ್ ಮಾಡುತ್ತಿದ್ದ ಸುದ್ದಿ ನೆನಪಿರಬಹುದು. ವೆಂಟಿಲೇಟರ್ ಬಿಡಿಭಾಗ ಹುಡುಕುತ್ತಿದ್ದ ಪರಿಚಯದವರೊಬ್ಬರು ಫೋನ್ ಮಾಡಿದರು. ಸಣ್ಣದೊಂದು ಫಿಟ್ಟಿಂಗ್, 120 ಪೀಸು, ಮೂರು ದಿನದಲ್ಲಿ ಬೇಕು. ಟ್ರಾಬ್‌ಗೆ ಇದು ಆಗೋ ಮಾತಲ್ಲ. ಮೂಲೆಯಲ್ಲಿ ಒಂದು ಸಿಎನ್‌ಸಿ ಲೇತ್ ಇತ್ತು, ಕ್ಯಾಮ್ ಬದಲು ಕಂಪ್ಯೂಟರ್ ನಡೆಸುವಂಥದ್ದು. ಅದರಲ್ಲಿ ಹಾಕಿದೆವು. ಪೀಸು ತೆಗೆಯೋಕೆ ಮೂರು ಗಂಟೆ. ಅದಕ್ಕೂ ಮುಂಚೆ ಮಷಿನನ್ನು ಆ ಪೀಸಿಗೆ ಅಣಿಮಾಡುವ ಸೆಟ್ಟಿಂಗಿಗೆ ಎರಡೂವರೆ ಗಂಟೆ!

ಇಂಥ ಇನ್ನೂ ನಾಲ್ಕು ಆರ್ಡರ್ ಬಂತು. ನಾಲ್ಕರಲ್ಲೂ ದುಡ್ಡು ಸೋರಿದ್ದು ಸೆಟ್ಟಿಂಗಿನಲ್ಲೇ. ಒಂದು ಶನಿವಾರ ಮಧ್ಯಾಹ್ನ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸೆಟ್ಟಿಂಗ್ ಪೂರ್ತಿ ವಿಡಿಯೊ ಮಾಡಿದೆ. ನಮ್ಮ ಸೆಟ್ಟರ್ ಅಪ್ಪನ ಕಾಲದವರು, ಕ್ಯಾಮ್ ಅನ್ನು ಅರದಲ್ಲಿ ಉಜ್ಜಿ ಕೂರಿಸುವುದರಲ್ಲಿ ಅವರ ಸಮ ಯಾರಿಲ್ಲ. ವಿಡಿಯೊದಲ್ಲಿ ನೋಡಿದರೆ ಹನ್ನೊಂದು ಸಲ ರ್‍ಯಾಕಿಗೆ ಹೋಗಿಬಂದಿದ್ದರು. ಒಂದು ಅಲನ್ ಕೀ ಹುಡುಕಿದ್ದಕ್ಕೇ ಹದಿನಾಲ್ಕು ನಿಮಿಷ. ಅದು ಕೊನೆಗೆ ಸಿಕ್ಕಿದ್ದು ಅವರದೇ ಜೇಬಿನಲ್ಲಿ.

ನಾನು ದಡ್ಡ. ಆ ವಿಡಿಯೊವನ್ನು ಎಲ್ಲರೆದುರಿಗೆ ತೋರಿಸಿದೆ. ಹುಡುಗರು ನಕ್ಕರು. ಸೆಟ್ಟರ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೇ ದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ಒಂದು ಹಳೆ ಟ್ರಾಲಿಗೆ ಹಸಿರು ಬಣ್ಣ ಬಳಿದು ನಿಲ್ಲಿಸಿದ್ದರು. ಬಾರನ್ನು ಬಿಗಿಹಿಡಿಯುವ ಕಾಲೆಟ್‌ಗಳಿಗೆ ಅಳತೆ ಪ್ರಕಾರ ಬಣ್ಣದ ಪಟ್ಟಿ. ಪ್ರತಿ ಅಲನ್ ಕೀಗೂ ಅದರದೇ ಗೂಡು. ‘ಮಷಿನ್ ನಿಂತಾಗ ನಾನು ಓಡಾಡಬಾರದು, ಅಲ್ವಾ ಸಾರ್? ಹಾಗಾದ್ರೆ ಮಷಿನ್ ಓಡ್ತಿರುವಾಗಲೇ ಮುಂದಿನ ಕೆಲಸದ ಸಾಮಾನು ಬಂದು ನಿಂತಿರಬೇಕು’ ಅಂದರು. ಟೊಯೊಟಾದ ಪ್ರೆಸ್ ಒಂದರ ಸೆಟ್ಟಿಂಗನ್ನು ನಾಲ್ಕು ಗಂಟೆಯಿಂದ ಮೂರು ನಿಮಿಷಕ್ಕೆ ಇಳಿಸಿದ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ 1969ರಲ್ಲಿ ಹಿಡಿದ ಸೂತ್ರವೂ ಇದೇ. ನಾನು ಅದನ್ನು ಓದಿ ತಿಳಿದಿದ್ದೆ. ಇವರು ಸಿಟ್ಟಿನಲ್ಲಿ ಕಂಡುಕೊಂಡಿದ್ದರು.

ಈಗ ನಮ್ಮ ಸೆಟ್ಟಿಂಗ್ 40 ನಿಮಿಷ. ಗಿರಾಕಿ ಬೆಳಗ್ಗೆ ಡ್ರಾಯಿಂಗ್ ಬದಲಾಯಿಸಿ ಕಳಿಸಿದರೆ ಸಂಜೆಗೆ ಹೊಸ ಪೀಸು ಕೈಗೆ ಕೊಡುತ್ತೇವೆ. ದೊಡ್ಡ ಕಂಪನಿಯಲ್ಲಿ ಅಷ್ಟರಲ್ಲಿ ಮೀಟಿಂಗಿಗೆ ಟೈಮೂ ಸಿಕ್ಕಿರಲ್ಲ. ನನ್ನ ಮೇಜಿಗೂ ಮಷಿನ್‌ಗೂ ಹನ್ನೆರಡು ಹೆಜ್ಜೆ. ಜಾಮ್‌ನಗರದ ರೇಟಿಗಿಂತ ನಮ್ಮದು ಇವತ್ತಿಗೂ ಜಾಸ್ತಿಯೇ. ಆದರೂ ಬರುವವರು ಬರುತ್ತಾರೆ, ಅವರು ಕೊಳ್ಳುತ್ತಿರುವುದು ಆ ಹನ್ನೆರಡು ಹೆಜ್ಜೆಯನ್ನು.

ಹಾಗಂತ ಹೊಸದು ಅಂದದ್ದಕ್ಕೆಲ್ಲ ಹಾರಿದರೂ ಕಷ್ಟ. ನಡುವೆ ಒಂದು ಸಾಫ್ಟ್‌ವೇರ್ ಕೊಂಡಿದ್ದೆ, ಇಡೀ ಫ್ಯಾಕ್ಟರಿ ಫೋನಿನಲ್ಲೇ ಕಾಣುತ್ತೆ ಅಂತ. ಎಂಟು ಜನ ಇರುವ ಶೆಡ್ಡು ಸ್ವಾಮಿ, ಕುರ್ಚಿಯಿಂದ ಎದ್ದು ನಿಂತರೆ ಕಾಣುತ್ತೆ. ಮೂರು ತಿಂಗಳು ಸುಮ್ನೆ ಅಂಕಿ ತುಂಬಿ ಬಿಟ್ಟೆವು. ಸಣ್ಣ ಲಾಟಿನ ಇನ್ನೊಂದು ತಲೆನೋವು ವಸೂಲಿ. ಮೊದಲು ಒಬ್ಬನಿಗೆ ಫೋನ್ ಮಾಡುತ್ತಿದ್ದೆ, ಈಗ ಮೂವತ್ತು ಜನಕ್ಕೆ. ನಮ್ಮಂಥವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರಿಂದಲೇ ಕಾನೂನಿದೆ. ಅದನ್ನು ನೆನಪಿಸಿದರೆ ಮುಂದಿನ ಆರ್ಡರ್ ಬರಲ್ಲ ಅನ್ನೋದೂ ಎಲ್ಲರಿಗೂ ಗೊತ್ತಿದೆ.

ಟ್ರಾಬ್‌ಗಳಲ್ಲಿ ಮೂರನ್ನು ಗುಜರಿ ರೇಟಿಗೆ ಕೊಟ್ಟೆ. 2018ರಲ್ಲಿ ಕೊಂಡದ್ದೂ ಅದರಲ್ಲಿ ಸೇರಿತ್ತು. ಕ್ಯಾಮ್ ತುಂಬಿದ ಡಬ್ಬವನ್ನು ಮಾತ್ರ ಸೆಟ್ಟರ್ ಕೊಡಲಿಲ್ಲ. ‘ಅದು ಇರಲಿ ಬಿಡಿ’ ಅಂದರು. ಯಾಕೆ ಅಂತ ನಾನೂ ಕೇಳಲಿಲ್ಲ.

ಅಪ್ಪ ಈಗಲೂ ಹನ್ನೊಂದು ಗಂಟೆಗೆ ಬರುತ್ತಾರೆ. ಹೋದ ವಾರ 40 ಪೀಸಿನ ಆರ್ಡರ್ ಮೇಜಿನ ಮೇಲೆ ಪ್ಯಾಕಿಂಗಿಗೆ ಕೂತಿತ್ತು. ಇವತ್ತೂ ‘ಸ್ಯಾಂಪಲ್ಲಾ’ ಅನ್ನುತ್ತಾರೆ ಅಂದುಕೊಂಡೆ. ಏನೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಒಂದೊಂದನ್ನೇ ಎತ್ತಿ, ಕಡೆದಾಗ ಉಳಿಯುವ ಲೋಹದ ಮುಳ್ಳು, ಅಂದರೆ ಬರ್, ಇದೆಯೇನೋ ಅಂತ ಅಂಚಿಗೆ ಉಗುರು ತಾಗಿಸುತ್ತಾ ಹೋದರು. ಎರಡನ್ನು ಪಕ್ಕಕ್ಕಿಟ್ಟು, ‘ಇವಕ್ಕೆ ಬರ್ ಇದೆ ನೋಡು’ ಅಂದರು.

ಲೆನ್ಸ್ ಹಿಡಿದು ನೋಡಿದೆ. ಇತ್ತು.