ಜ್ಞಾನ ಪುಕ್ಕಟೆ, ಗಂಟಲಿಗೆ ಮಾತ್ರ ಚಾರ್ಜು

ಜ್ಞಾನ ದೇವರು ಕೊಟ್ಟಿದ್ದು, ಅದನ್ನು ಮಾರುವಂತಿಲ್ಲ. ಮಧ್ಯಯುಗದ ಯುರೋಪಿನಲ್ಲಿ ವಕೀಲರ ಫೀಸಿನ ಮಾತು ಬಂದಾಗ ಚರ್ಚಿನ ಕಾನೂನು ಪಂಡಿತರು ಹೀಗೆ ಹೇಳುತ್ತಿದ್ದರು. ಕೇಳೋಕೆ ಎಷ್ಟು ಚೆಂದ ಅಲ್ವಾ? ಆದರೆ ಕಕ್ಷಿದಾರ ಅವಸರಪಟ್ಟು ದುಡ್ಡಿನ ಚೀಲ ಕಟ್ಟಿಬಿಡುವ ಹಾಗಿರಲಿಲ್ಲ. ಪಂಡಿತರ ಮಾತು ಇನ್ನೂ ಬಾಕಿ ಇತ್ತು. ಮಾರಬಾರದ್ದು ಜ್ಞಾನ ಮಾತ್ರ. ಆ ಜ್ಞಾನ ಹೊತ್ತು ಕೋರ್ಟಿನ ತನಕ ನಡೆದ ಕಾಲಿಗೆ, ವಾದ ಮಾಡಿ ಒಣಗಿದ ಗಂಟಲಿಗೆ ಕೂಲಿ ಬೇಡವೇ?

1274ರಲ್ಲಿ ಲಿಯೋನ್‌ನಲ್ಲಿ ಸೇರಿದ ಚರ್ಚಿನ ಮಹಾಸಭೆ ದರವನ್ನೂ ಗೊತ್ತು ಮಾಡಿತು. ಚರ್ಚ್ ಕೋರ್ಟಿನ ವಕೀಲರ ಫೀಸು ಒಂದು ಕೇಸಿಗೆ 20 ಲಿವ್ರ್ (ಆಗಿನ ಫ್ರೆಂಚ್ ದುಡ್ಡು) ದಾಟಬಾರದು. ಅದೇ ವರ್ಷ ಫ್ರಾನ್ಸಿನ ದೊರೆ ಮೂರನೇ ಫಿಲಿಪ್ ತನ್ನ ಕೋರ್ಟುಗಳಲ್ಲಿ 30ರ ತನಕ ಆಗಬಹುದು ಅಂದ. ದೇವರ ಕೊಡುಗೆಗೆ ಅರಮನೆ ಕಡೆ ರೇಟು ಹತ್ತು ಜಾಸ್ತಿ.

ಈಗ ಫ್ರಾನ್ಸಿಗೆ ಸೇರಿದ ಬ್ರಿಟನಿಯ ಈವೋ ಎಂಬ ವಕೀಲ ಬಡವರ ಕೇಸನ್ನು ಸುಮ್ನೆ ನಡೆಸಿಕೊಟ್ಟ. 1347ರಲ್ಲಿ ಅವನನ್ನು ಸಂತನನ್ನಾಗಿ ಮಾಡಬೇಕಾಯಿತು. ‘ವಕೀಲನಾಗಿದ್ದ, ಕಳ್ಳನಾಗಿರಲಿಲ್ಲ’ ಅಂತ ಜನ ಬೆರಗಾಗಿ ಲ್ಯಾಟಿನ್ನಿನಲ್ಲಿ ಪದ ಕಟ್ಟಿದರು.

ಇಂಗ್ಲೆಂಡಿನವರದು ನೇರ ವ್ಯವಹಾರ. ಅಲ್ಲಿನ ದೊಡ್ಡ ಕೋರ್ಟಿನ ವಕೀಲರಿಗೆ ಸಾರ್ಜೆಂಟ್ ಅಂತ ಹೆಸರು. ಒಂದು ಕೇಸಿಗೆ ಸಾಮಾನ್ಯವಾಗಿ 40 ಪೆನ್ನಿ. ಬಡಗಿಗೆ ದಿನಕ್ಕೆ 3 ಪೆನ್ನಿ ಸಿಕ್ಕರೆ ಪುಣ್ಯ ಅನ್ನುವ ಕಾಲ ಅದು. ಶ್ರೀಮಂತ ಮಠಗಳಿಗೆ ಇದು ಚಿಲ್ಲರೆ ಲೆಕ್ಕ. ಕ್ಯಾಂಟರ್ಬರಿಯ ಮಠದಂಥವು ವಕೀಲರನ್ನು ವರ್ಷದ ಲೆಕ್ಕಕ್ಕೇ ಹಿಡಿದುಕೊಳ್ಳುತ್ತಿದ್ದವು. ವರ್ಷಕ್ಕೆ ಇಷ್ಟು ಅಂತ ದುಡ್ಡು. ಅನೇಕ ಕಡೆ ಜೊತೆಗೊಂದು ನಿಲುವಂಗಿ. ಅದೂ ಒಬ್ಬರಿಗಲ್ಲ, ಹಲವರಿಗೆ. ಅಷ್ಟೊಂದು ಕೇಸು ಇದ್ದವಾ? ಇರಲಿ ಬಿಡಲಿ, ಒಳ್ಳೆ ವಕೀಲ ನಾಳೆ ಎದುರು ಪಾರ್ಟಿ ಕಡೆ ನಿಲ್ಲಬಾರದಲ್ಲ! ದುಡ್ಡು ಅಂದರೆ ಹೆಣವೂ ಬಾಯಿ ಬಿಡುತ್ತದೆ ಅಂತಾರೆ. ಇಲ್ಲಿ ಬದುಕಿದ್ದವರಿಗೆ ಬಾಯಿ ಮುಚ್ಚಿಕೊಂಡಿರೋಕೆ ಸಂಬಳ. ಮಠದ ಮೇಲೆ ಜಮೀನಿನ ತಕರಾರು ಹೊತ್ತು ಆ ದೊಡ್ಡ ಕೋರ್ಟು ಇದ್ದ ವೆಸ್ಟ್‌ಮಿನ್‌ಸ್ಟರಿಗೆ ಬಂದ ಪಾಪದವನೊಬ್ಬನನ್ನು ನೆನೆಸಿಕೊಳ್ಳಿ. ಯಾರ ಹತ್ತಿರ ಹೋದರೂ, ಅಯ್ಯೋ, ನಿನ್ನ ಎದುರು ಪಾರ್ಟಿಯವರು ನನಗೆ ಆಗಲೇ ಬಟ್ಟೆ ಹೊಲಿಸಿಕೊಟ್ಟಿದ್ದಾರಲ್ಲ!

ಹಾಗಂತ ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ. 1275ರ ಶಾಸನದ ಪ್ರಕಾರ ಕೋರ್ಟಿಗೋ ಕಕ್ಷಿದಾರನಿಗೋ ಮೋಸ ಮಾಡಿದ ಸಾರ್ಜೆಂಟಿಗೆ ಒಂದು ವರ್ಷ ಒಂದು ದಿನ ಜೈಲು. ಆಮೇಲೆ ಯಾರ ಪರವಾಗಿಯೂ ಕೋರ್ಟಿನಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಸರಿ, ಇವನ ಮೋಸವನ್ನು ಕೋರ್ಟಿನಲ್ಲಿ ವಾದಿಸಿ ತೋರಿಸೋಕೆ ಯಾರನ್ನು ಹಿಡಿಯಬೇಕು? ಇನ್ನೊಬ್ಬ ಸಾರ್ಜೆಂಟನ್ನೇ. 40 ಪೆನ್ನಿ ತೆಗೆದಿಟ್ಟುಕೊಂಡು ಹೋಗಿ.